ಮರಳಿ ಬಂದ ಒಂಟೆಯ ಹಾಲು

ವಾಸನೆ ತಡೆಯಲಾರದೆ ಕ್ಯಾಪ್ಟನ್ ಗಿಲ್ಬಿ ಉಮ್ ರಿಮ್ತ್ ಕೋಟೆಯ ಕಿಟಕಿಗಳನ್ನು ಹಗಲಲ್ಲೂ ಮುಚ್ಚಿಯೇ ಇಡುತ್ತಿದ್ದ. ಆದರೂ ಅದು ಒಳಗೆ ಬರುತ್ತಿತ್ತು. ಒಂಟೆಯ ಗಂಜಲ, ಕುರಿಕೊಬ್ಬಿನ ಹೊಗೆ, ಚಳಿಗಾಲವಿಡೀ ನೀರು ಕಾಣದ ಉಣ್ಣೆ. ಗೋಡೆಯಾಚೆ ಬನೀ ಉರೈಕರ ಕರಿ ಗುಡಾರಗಳಿದ್ದವು. ದಕ್ಷಿಣದ ದೊರೆಯ ಮೇಲೆ ದಂಗೆ ಎದ್ದು, ಸೋತು, ಹೆಂಗಸರು ಮಕ್ಕಳು ಮಂದೆ ಸಮೇತ ಗಡಿ ದಾಟಿ ಬಂದ ಬುಡಕಟ್ಟು ಅದು. ಅವರ ಮುಖ್ಯಸ್ಥ ಶೇಖ್ ನಾಹಿಸ್ ಬಂದ ದಿನವೇ ಗಿಲ್ಬಿಯ ಮೇಲಂಗಿಯ ಅಂಚು ಹಿಡಿದು ಆಶ್ರಯ ಕೇಳಿದ್ದ. ಗಡಿಯ ಹಿರಿಯರೆಲ್ಲ ನೋಡುತ್ತಿರುವಾಗ ಗಿಲ್ಬಿ ತನ್ನ ಕೆನ್ನೆ ಮುಟ್ಟಿಕೊಂಡು, "ನೀನು ನನ್ನ ಮುಖದಲ್ಲಿದ್ದೀಯ" ಎಂದಿದ್ದ. ನಿನ್ನ ರಕ್ಷಣೆ ನನ್ನ ಮಾನದ ಹೊಣೆ ಎಂದು ಅದರ ಅರ್ಥ; ಆ ಸೀಮೆಯಲ್ಲಿ ಅದಕ್ಕಿಂತ ಗಟ್ಟಿಯಾದ ಮುಚ್ಚಳಿಕೆ ಇಲ್ಲ.

ಜನವರಿಯಲ್ಲಿ ನಿಸ್ತಂತುವಿನಲ್ಲಿ ಆಜ್ಞೆ ಬಂತು. ದೊರೆಯೊಂದಿಗೆ ಒಪ್ಪಂದವಾಗಿದೆ, ನಾಹಿಸನನ್ನು ಅವನ ಕೈಗೆ ಒಪ್ಪಿಸಬೇಕು. ಆದರೆ ಸರ್ಕಾರ ಕೊಟ್ಟ ಮಾತಿಗೆ ತಪ್ಪಿತೆಂದು ಯಾರಿಗೂ ಕಾಣಬಾರದು.

ಗಿಲ್ಬಿಗೆ ಹೇಸಿಗೆಯಾಯಿತು. ನಾಹಿಸನ ತಲೆ ಹೋಗುವುದರ ಬಗ್ಗೆ ಅಲ್ಲ. ಗಡಿಯಾಚೆ ಕಾಲಿಟ್ಟ ಮೊದಲ ಶುಕ್ರವಾರವೇ ಅದು ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೇಣ ಉಜ್ಜಿದ ಮೇಜುಗಳ ಹಿಂದೆ ಕೂತವರು ತಮ್ಮ ಕೈ ತೊಳೆದ ನೀರನ್ನು ತನ್ನ ತಲೆಯ ಮೇಲೆ ಸುರಿದದ್ದು ಅವನಿಗೆ ಹೇಸಿಗೆ ತಂದಿತು. ಹನ್ನೊಂದು ವರ್ಷ ಈ ಕೊಳಕನ್ನು ಮೂಸಿದವನು ತಾನು. ಇದೊಂದು ಕೆಲಸ ನಾಜೂಕಾಗಿ ಮುಗಿದರೆ ಬೇಸಿಗೆಯ ಹೊತ್ತಿಗೆ ಶಿರಾಜ್‌ನ ಕಾನ್ಸಲ್ ಹುದ್ದೆ ಎಂದು ಅವನ ಮೇಲಧಿಕಾರಿ ಕರ್ನಲ್ ಡಾರ್ಬಿ ಸೂಚನೆ ಕೊಟ್ಟಿದ್ದ. ಅಲ್ಲಿನ ಕಾನ್ಸಲ್ ಮನೆಯ ಹಿತ್ತಿಲಲ್ಲಿ ಗುಲಾಬಿ ತೋಟವಿದೆಯೆಂದು ಗಿಲ್ಬಿ ಕೇಳಿದ್ದ.

ಅವನು ಯೋಚಿಸಿದ. ಮಾತನ್ನು ತಾನು ಮುರಿಯುವಂತಿಲ್ಲ. ನಾಹಿಸನೇ ಮುರಿದಂತೆ ಆಗಬೇಕು.

ದಾರಿಯನ್ನು ನಾಹಿಸನೇ ತೋರಿಸಿಕೊಟ್ಟಿದ್ದ. ಆಶ್ರಯ ಪಡೆದ ದಿನ ಅದೇ ಹಿರಿಯರ ಮುಂದೆ ಎದೆ ತಟ್ಟಿ, "ಇಲ್ಲಿರೋತನಕ ನಮ್ಮೋರು ಕೊಳ್ಳೆಗೆ ಹೋಗೋದಿಲ್ಲ. ನನ್ನ ಮಂದೇಲಿ ದೊರೆಯ ಒಂದೇ ಒಂದು ಒಂಟೆ ಸಿಕ್ಕರೂ ನಾನು ಯಾರ ಮುಖದಲ್ಲೂ ಇಲ್ಲ. ಹಗ್ಗ ತಗೊಂಡು ಬನ್ನಿ, ಕುತ್ತಿಗೆ ಕೊಡ್ತೀನಿ" ಎಂದಿದ್ದ. ಈ ಜನ ಹೀಗೇ, ದೊಡ್ಡದಾಗಿ ಹೇಳಿಬಿಡುತ್ತಾರೆ. ಗಿಲ್ಬಿ ಅದನ್ನು ಮರೆತಿರಲಿಲ್ಲ.

ಕೋಟೆಯ ಕತ್ತಲೆಕೋಣೆಯಲ್ಲಿ ಮಿಜ್ಬಿಲ್ ಎಂಬ ಒಂಟೆಗಳ್ಳನಿದ್ದ. ಟೆಲಿಗ್ರಾಫ್ ತಂತಿ ಕತ್ತರಿಸಿ ಸಿಕ್ಕಿಬಿದ್ದವನು. ಯಾವ ಬುಡಕಟ್ಟೂ ತನ್ನವನೆಂದು ಒಪ್ಪದವನು. ಒಂದು ಕೆಲಸಕ್ಕೆ ಪ್ರತಿಯಾಗಿ ಗಿಲ್ಬಿ ಅವನಿಗೆ ಒಡ್ಡಿದ್ದು ಬಿಡುಗಡೆ, ಮುತ್ತು ತೆಗೆಯುವ ದೋಣಿಯೊಂದರಲ್ಲಿ ಜಾಗ, ಮತ್ತೆಂದೂ ಈ ಕಡೆ ಮುಖ ಹಾಕಬಾರದೆಂಬ ಷರತ್ತು. ಧೂಳುಗಾಳಿ ಎದ್ದ ದಿನ ಅವನು ಗಡಿಯಾಚೆಯ ದೊರೆಯ ಮಂದೆಯಿಂದ ಐದು ಹೆಣ್ಣೊಂಟೆಗಳನ್ನು ಹೊಡೆದುಕೊಂಡು ಬಂದ. ಗಾಳಿ ಹೆಜ್ಜೆಗಳನ್ನೆಲ್ಲ ಅಳಿಸಿತು. ಕೋಟೆಯಿಂದ ದೂರದ ಹಾಳುಬಿದ್ದ ಪ್ರಯಾಣಿಕರ ಛತ್ರದ ಪ್ರಾಕಾರದೊಳಗೆ ಅವನ್ನು ಅಡಗಿಸಿದ್ದಾಯಿತು.

ಗಿಲ್ಬಿ ಅಲ್ಲಿಗೆ ಹೋದದ್ದು ಒಂದೇ ಸಲ, ಒಂಟೆಗಳ ತೊಡೆಯ ಮೇಲಿನ ದೊರೆಯ ಗುರುತಿನ ಬರೆಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಲು. ಬರೆ ಸ್ಪಷ್ಟವಾಗಿತ್ತು. ಐದರಲ್ಲಿ ಒಂದು ಹಾಲು ಕೊಡುತ್ತಿದ್ದ ಒಂಟೆ. ಮರಿಯೂ ಹಿಂದೆಯೇ ಬಂದಿತ್ತು. ಮಿಜ್ಬಿಲ್ ಗೊಣಗಿದ.

"ಈ ಹಾಳಾದ ಮರಿ ಹೀರಿ ಹೀರಿ ಬರಿದು ಮಾಡ್ತದೆ ಕಪ್ತಾನ. ಒಣ ಖರ್ಜೂರ ಕಡಿದು ಕಡಿದು ನನ್ನ ಹಲ್ಲೆಲ್ಲ ಅಲ್ಲಾಡ್ತಾ ಇವೆ."

"ನಿನ್ನ ಹಲ್ಲಿನ ಚಿಂತೆ ನನಗೆ ಬೇಡ. ಬೆಂಕಿ ಹಚ್ಚಬೇಡ, ಹೊರಗೆ ಕಾಲಿಡಬೇಡ."

ಆಗಲೇ ಆ ತಾಯೊಂಟೆ ಕುತ್ತಿಗೆ ತಿರುಗಿಸಿ, ಗಂಟಲಿಂದ ಹಸಿರು ಮೆಲುಕನ್ನು ತಂದು ಗಿಲ್ಬಿಯ ತೋಳಿನ ಮೇಲೆ ಉಗಿಯಿತು. ಬೆಚ್ಚಗಿನ ಲೋಳೆ ಮಣಿಕಟ್ಟಿನವರೆಗೆ ಇಳಿಯಿತು.  ಗಿಲ್ಬಿ ಕರವಸ್ತ್ರದಿಂದ ಒರೆಸಿಕೊಂಡು, ಅದನ್ನು ಇನ್ನು ಜೇಬಿಗೆ ಹಾಕುವುದುಂಟೇ ಎಂದು ನೆಲಕ್ಕೆ ಎಸೆದ. ಮಿಜ್ಬಿಲ್ ನಾಲಿಗೆಯಲ್ಲಿ ಲೊಚಗುಟ್ಟಿದ. ಗಿಲ್ಬಿ ಕುದುರೆ ಹತ್ತಿ, ಕೋಟೆ ಮುಟ್ಟುವವರೆಗೂ ಆ ತೋಳನ್ನು ಮೈಯಿಂದ ದೂರವೇ ಹಿಡಿದಿದ್ದ. ಒಳಗೆ ಹೋಗಿ ಸೋಪಿನಿಂದ ಮತ್ತೆ ಮತ್ತೆ ತೊಳೆದ, ಅಂಗಿಯನ್ನು ಸುಡಿಸಿದ.

ಕರವಸ್ತ್ರಕ್ಕೆ ಬರವಿರಲಿಲ್ಲ. ಬಾತ್ ಊರಿನಲ್ಲಿದ್ದ ಅವನ ಅಕ್ಕ ನೀಲಿ ಅಂಚಿನ ಬಿಳಿ ಕರವಸ್ತ್ರಗಳನ್ನು ಲ್ಯಾವೆಂಡರ್ ಹೂವಿನ ನಡುವೆ ಮಡಿಸಿ ಕಟ್ಟುಗಟ್ಟಲೆ ಕಳಿಸುತ್ತಿದ್ದಳು. ಬದೂಯಿ ಅಲೆಮಾರಿಗಳ ನಡುವೆ ಕೂತಾಗ ಒಂದು ಸದಾ ಅವನ ಮೂಗಿನ ಬಳಿ ಇರುತ್ತಿತ್ತು. ಅದರಿಂದಲೇ ಅವರು ಅವನಿಗೆ ಅಬೂ ಮಂದೀಲ್ ಎಂದು ಹೆಸರಿಟ್ಟಿದ್ದರು, ಕರ್ಚೀಫಿನಪ್ಪ. ಗಡಿಯ ಉದ್ದಕ್ಕೂ ಸರ್ಕಾರ ಎಂದರೆ ಆ ಹೆಸರೇ.

ದೊರೆಯ ಮುದಿ ರಾಯಭಾರಿ ಅಬ್ದುಲ್‌ಮುಹ್ಸಿನ್ ಮಾತುಕತೆಗೆ ಬರುವ ಬೆಳಿಗ್ಗೆ ಮಂಜು ಕವಿದಿತ್ತು. ಈ ತಿಂಗಳಲ್ಲಿ ಹಾಗೆ ಕವಿಯುತ್ತದೆಂದು ತಿಳಿದೇ ಗಿಲ್ಬಿ ಮಾತುಕತೆಯನ್ನು ಈಗಲೇ ಗೊತ್ತುಮಾಡಿದ್ದ. ಬನೀ ಉರೈಕರ ಮಂದೆ ಕೋಟೆಯ ಬಾವಿಗಳಿಗೆ ನೀರಿಗೆ ಬಂದಿತು. ಓಡಿಬಂದವರ ಮಂದೆ, ಯಾರದು ಯಾವುದೆಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಮಿಜ್ಬಿಲ್ ಐದು ಒಂಟೆ, ಒಂದು ಮರಿಯನ್ನು ಅದರೊಳಗೆ ಸೇರಿಸಿ ಮಂಜಿನಲ್ಲೇ ಕರಗಿಹೋದ. ಸೂರ್ಯ ಮೇಲೇರುವಷ್ಟರಲ್ಲಿ ಅವನು ಬಂದರಿನ ಲಾರಿಯಲ್ಲಿದ್ದ. ಛತ್ರದ ಹಿಕ್ಕೆ, ಹಗ್ಗದ ತುಂಡು, ಖರ್ಜೂರದ ಬೀಜ ಎಲ್ಲವೂ ಹಾಳುಬಾವಿಯ ತಳ ಸೇರಿದ್ದವು. ಹಾಗೆಂದು ಮಿಜ್ಬಿಲ್ ಆಣೆ ಇಟ್ಟು ಹೇಳಿದ್ದ. ಆ ಕಡೆ ಮಂಜು ಒಂದು ಗಳಿಗೆ ಹರಿದಾಗ ಗಿಲ್ಬಿ ದೂರದಿಂದ ದುರ್ಬೀನಿನಲ್ಲೂ ನೋಡಿದ; ಪ್ರಾಕಾರ ಗುಡಿಸಿದಂತಿತ್ತು.

ಮಾತುಕತೆಯ ಗುಡಾರದ ಬಾಯಿ ಬಾವಿಗಳ ಕಡೆಗೇ ಇತ್ತು. ಅದೂ ಗಿಲ್ಬಿಯ ಏರ್ಪಾಡೇ. ತಾನು ಬಾಯಿ ಬಿಡಬೇಕಾಗಿಲ್ಲ. ಮಂಜು ಸರಿದಾಗ ಮುದುಕ ತಾನೇ ನೋಡುತ್ತಾನೆ.

ಹಿಂದಿನ ದಿನ ವಿಮಾನದಲ್ಲಿ ಬಂದಿಳಿದಿದ್ದ ಕರ್ನಲ್ ಡಾರ್ಬಿ ಮಡಿಸುವ ಕುರ್ಚಿಯಲ್ಲಿ ಕೂತ. ಗಡಿಯ ಹಿರಿಯರು ಸುತ್ತ ಕೂತರು. ಕಾಫಿ ಸುತ್ತಿ ಬಂತು. ನಾಹಿಸ್ ತನ್ನ ಪುಟ್ಟ ಬಟ್ಟಲನ್ನು ಸಾಕೆಂದು ಅಲ್ಲಾಡಿಸಿ ಹಿಂದಿರುಗಿಸುತ್ತ ಕಣ್ಣು ಮಿಟುಕಿಸಿದ.

"ಅಬೂ ಮಂದೀಲ್, ನಮ್ಮ ಮೇಲೆ ನಿನ್ನ ಮೂಗಿಗೆ ಅದೇನು ಹಗೆ? ನಿನ್ನ ಬಾಯಿ ನನಗೆ ಆಶ್ರಯ ಕೊಡ್ತು, ಮೂಗು ಮಾತ್ರ ಇನ್ನೂ ಒಪ್ಪಿಲ್ಲ."

ಹಿರಿಯರು ನಕ್ಕರು. ಗಿಲ್ಬಿಯೂ ನಕ್ಕ. ಗಡ್ಡದಲ್ಲಿ ಕೊಬ್ಬು ಹೆಪ್ಪುಗಟ್ಟಿದ ಈ ಮನುಷ್ಯ ತನ್ನನ್ನು ಗೇಲಿ ಮಾಡುವುದು ಇದೇ ಕೊನೆಯ ಸಲ.

ಮಂಜು ಸರಿಯಿತು. ಅಬ್ದುಲ್‌ಮುಹ್ಸಿನ್ ಮಾತು ನಿಲ್ಲಿಸಿದ. ಎದ್ದು ಬಾವಿಯ ಕಡೆ ಹೋಗಿ ಒಂದು ಒಂಟೆಯ ತೊಡೆ ಸವರಿದ, ಇನ್ನೊಂದನ್ನು ಸವರಿದ. ತಿರುಗಿ ಬಂದಾಗ ಅವನ ದನಿ ಮೆಲ್ಲಗಿತ್ತು.

"ನಾಹಿಸ್, ನಿನ್ನ ಮಂದೇಲಿ ನನ್ನ ದೊರೆಯ ಒಂಟೆಗಳು ನೀರು ಕುಡೀತಾ ಇವೆ."

"ನಿನ್ನ ಕಣ್ಣಿಗೆ ಪೊರೆ ಬಂದಿದೆ ಮುದುಕಪ್ಪ."

"ಬಾ, ನಿನ್ನ ಎಳೆಗಣ್ಣಲ್ಲೇ ನೋಡು."

ನಾಹಿಸ್ ಹೋಗಿ ನೋಡಿದ. ಬಹಳ ಹೊತ್ತು ನೋಡಿದ. ಬಂದು ಕೂತಾಗ ಅವನ ಮುಖದಲ್ಲಿ ಆಟ ಇರಲಿಲ್ಲ. "ದೇವರಾಣೆ, ನನಗೆ ಗೊತ್ತಿಲ್ಲ. ನಮ್ಮೋರ್‍ಯಾರೂ ಗುಡಾರ ಬಿಟ್ಟು ಹೋಗಿಲ್ಲ" ಎಂದ. ಹೆಂಗಸರ ಪರದೆಯ ಹಿಂದಿನಿಂದ ಒಂದು ಗೋಳು ಎದ್ದು ಥಟ್ಟನೆ ನಿಂತಿತು. ಹಿರಿಯರು ನೆಲ ನೋಡಿದರು. ಅವನು ಅಂದು ಆಡಿದ ಮಾತು ಅವರೆಲ್ಲರ ಕಿವಿಯಲ್ಲಿತ್ತು.

 ಗಿಲ್ಬಿ ದುಃಖವಾದವನಂತೆ, ಬಹಳ ನಿಧಾನವಾಗಿ, "ನಾನು ನಿನ್ನನ್ನು ನನ್ನ ಮುಖದಿಂದ ತೆಗೆಯಲಿಲ್ಲ ನಾಹಿಸ್. ನೀನೇ ಹೊರಗೆ ನಡೆದೆ" ಎಂದ. ಕರ್ನಲ್ ಡಾರ್ಬಿ ಮೆಚ್ಚಿದವನಂತೆ ಕೆಮ್ಮಿದ. ನಾಹಿಸ್ ತಲೆವಸ್ತ್ರದ ಹುರಿಯನ್ನು ಬಿಚ್ಚಿ ಕುತ್ತಿಗೆಗೆ ಹಾಕಿಕೊಂಡ. ಆಡಿದ್ದಕ್ಕೆ ತಪ್ಪುವ ಜನವಲ್ಲ ಅವರು. ಗಿಲ್ಬಿ ಅದನ್ನೇ ನಂಬಿದ್ದ.

ಇನ್ನು ಉಳಿದದ್ದು ಒಂದೇ ಶಾಸ್ತ್ರ. ಕಳವಾದ ಒಂಟೆ ಮರಳಿ ಸಿಕ್ಕಾಗ ಒಡೆಯ ಸಾಕ್ಷಿಗಳ ಮುಂದೆ ಅದರ ಹಾಲು ಕರೆದು ಎಲ್ಲರಿಗೂ ಒಂದೊಂದು ಗುಟುಕು ಕುಡಿಸಬೇಕು. ಆಮೇಲೆಯೇ ವ್ಯಾಜ್ಯ ಮುಗಿದಂತೆ. ಗಿಲ್ಬಿಗೆ ಅದೂ ಗೊತ್ತಿತ್ತು. ಕೂದಲು ತೇಲುವ ಆ ಬೆಚ್ಚಗಿನ ನೊರೆಯನ್ನು ಕುಡಿಯುವ ಮಾತೇ ಇಲ್ಲ. ತುಟಿ ತಾಗಿಸಿ ಮುಂದಿನವನಿಗೆ ದಾಟಿಸಿದರಾಯಿತು. ಅವನು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಶಿರಾಜ್‌ನ ಗುಲಾಬಿಗಳನ್ನು ನೆನೆದ.

ದೊರೆಯ ಪರವಾಗಿ ಮುದುಕ ತಾನೇ ಅಂಗಿಯ ತೋಳು ಮಡಿಸಿದ. ತಾಯೊಂಟೆಯನ್ನು ಗುಡಾರದ ಬಾಯಿಗೆ ತಂದರು. ಮುದುಕ ಒಂಟಿಕಾಲಲ್ಲಿ ನಿಂತು, ಮಡಿಸಿದ ತೊಡೆಯ ಮೇಲೆ ಮರದ ಬಟ್ಟಲಿಟ್ಟು, ಕೆಚ್ಚಲಿಗೆ ಕೈ ಹಾಕಿದ. ಎರಡು ತೊಟ್ಟು ಮರಿಗೆ, ಎರಡು ಮನುಷ್ಯರಿಗೆ. ಮನುಷ್ಯರ ಎರಡಕ್ಕೆ ಮರಿ ಬಾಯಿ ಹಾಕದಂತೆ ಚಿಂದಿ ಸುತ್ತಿ ಕಟ್ಟುವುದು ಒಂಟೆ ಕಂಡ ಯಾವನಾದರೂ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಮಿಜ್ಬಿಲನೂ ಮಾಡಿದ್ದ. ಮುದುಕ ಕಟ್ಟು ಬಿಚ್ಚಿ, ಕೈ ಖಾಲಿಯಿರಲೆಂದು ಎಲ್ಲರಂತೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಒಂದೆರಡು ಸೆಳೆತ ಹಾಲು ಬಟ್ಟಲಿಗೆ ಬಿತ್ತು. ಆಮೇಲೆ ಅವನು ನಿಲ್ಲಿಸಿ, ಬಾಯಿಂದ ಚಿಂದಿಯನ್ನು ತೆಗೆದು ಮೂಸಿದ. ಪಕ್ಕದ ಹಿರಿಯನಿಗೆ ಕೊಟ್ಟ. ಅವನೂ ಮೂಸಿ ನಾಹಿಸನಿಗೆ ಕೊಟ್ಟ. ನಾಹಿಸ್ ಅದನ್ನು ಮೊಣಕಾಲ ಮೇಲೆ ನೀವಿ ಬಿಡಿಸಿದ: ಹಸಿರು ಕಲೆ ಹತ್ತಿದ ನಯವಾದ ಬಿಳಿ ಬಟ್ಟೆಯ ಪಟ್ಟಿ, ಒಂದು ಕಡೆ ನೀಲಿ ಅಂಚು. ಅವನು ಕುತ್ತಿಗೆಯ ಹುರಿಯನ್ನು ತೆಗೆದು ಮತ್ತೆ ತಲೆಗೆ ಸುತ್ತಿಕೊಳ್ಳತೊಡಗಿದ. ಕರ್ನಲ್ ಡಾರ್ಬಿ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಗುಡಾರದಲ್ಲಿದ್ದ ಅಷ್ಟೂ ಜನ ತನ್ನ ಮೂಗಿನತ್ತ ಏಕೆ ನೋಡುತ್ತಿದ್ದಾರೆಂದು ಗಿಲ್ಬಿಗೆ ಒಂದು ಕ್ಷಣ ತಿಳಿಯಲಿಲ್ಲ.