ಬೆಣ್ಣೆ ಕರಟಿದ ಭಾನುವಾರ

ಬೆಣ್ಣೆಯನ್ನು ಹೊಂಬಣ್ಣಕ್ಕೆ ಕಾಯಿಸಿ ಇಳಿಸಬೇಕಿತ್ತು. ಫೋನಿನಲ್ಲಿದ್ದ ರೆಸಿಪಿಯ ಮುಂದಿನ ಸಾಲನ್ನು ಅವಳು ಓದುವಷ್ಟರಲ್ಲಿ ಅದು ಕಾಡಿಗೆಯಾಗಿತ್ತು.

ಕಿಟಕಿ ತೆರೆಯಲು ಓಡಿದರೆ ಯಾರೋ ಬಾಗಿಲು ದಡದಡ ಬಡಿದರು. ತೆರೆದರೆ ಎದುರು ಮನೆಗೆ ಹೊಸದಾಗಿ ಬಂದವನು. ಒಂದು ಕೆನ್ನೆ ತುಂಬ ಶೇವಿಂಗ್ ನೊರೆ, ಇನ್ನೊಂದು ನುಣ್ಣಗೆ.

"ಏನೋ ಸುಟ್ಟ ವಾಸನೆ!" ಎಂದ, ಲಾಟರಿ ಹೊಡೆದವನ ಹಾಗೆ ನಗುತ್ತ.

ಅವಳಿಗೆ ಮೈಯೆಲ್ಲ ಉರಿಯಿತು. "ಬೇರೆಯವ್ರ ಅಡುಗೆಮನೇಲಿ ಮೂಗು ತೂರಿಸೋದೇ ನಿಮ್ಮ ಕೆಲ್ಸಾನಾ?"

"ಹೆಚ್ಚುಕಮ್ಮಿ ಅದೇ ಕಣ್ರೀ!"

ಅವನು ಟೀ ಕಂಪನಿಯೊಂದರಲ್ಲಿ ಚಹಾದ ರುಚಿ ನೋಡಿ ದರ್ಜೆ ಹೇಳುವವನು. ಐದು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಕಂಪನಿ ಅವನನ್ನು ಗೋದಾಮಿನ ಕಡತಗಳ ಮುಂದೆ ಕೂರಿಸಿತ್ತು. ವರ್ಷದೊಳಗೆ ಮೂಗು ಮರಳದಿದ್ದರೆ ಅಲ್ಲೇ ಕಾಯಂ.

"ಐದು ತಿಂಗ್ಳಲ್ಲಿ ನಂಗೆ ಬಂದ ಮೊದಲ್ನೇ ವಾಸನೆ ಇದು. ದಯವಿಟ್ಟು ಇನ್ನೊಂದ್ಸಲ ಸುಡ್ತೀರಾ?"

ಅವನ ಕಣ್ಣು ತುಂಬಿತ್ತು. ಕನ್ನಡಕದಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವವಳು ಅವಳು. ನಾಟಕದ ಕಣ್ಣೀರು ಯಾವುದೆಂದು ಬಲ್ಲಳು. ಒಳಗೆ ಕರೆದಳು. ಅವಳ ಜೊತೆ ವಾಸವಿದ್ದ ಚಿಕ್ಕಮ್ಮ ಸೋಫಾದಿಂದಲೇ ಕೇಳಿದರು: "ಯಾರಮ್ಮ ಅದು, ಅರ್ಧ ಗಡ್ಡದವರು?"

ಅಂದಿನಿಂದ ಪ್ರತಿ ಭಾನುವಾರ ಅವನು ಬಂದ. ಅವಳು ಮೊಟ್ಟೆ ಸಕ್ಕರೆ ನೊರೆ ಬರಿಸಿ, ಮೈದಾ ಬೆರೆಸಿ, ಕಾಯಿಸಿದ ಬೆಣ್ಣೆ ಸುರಿಯುವಳು. ಆ ಹಿಟ್ಟು ಫ್ರಿಜ್ಜಿನಲ್ಲಿ ಒಂದು ಗಂಟೆ ತಣ್ಣಗೆ ಕೂತರೆ ಮಾತ್ರ ಮ್ಯಾಡ್ಲೀನ್ ಎಂಬ ಪುಟ್ಟ ಕೇಕಿನ ಬೆನ್ನು ಚೆನ್ನಾಗಿ ಉಬ್ಬುವುದು. ಆ ಒಂದು ಗಂಟೆ ಅವರಿಬ್ಬರದು. ಮಾತಿಗೆ ಮಾತು ಸೇರಿ, ಒಂದು ಗಂಟೆ ಒಂದೂವರೆ ಗಂಟೆಯಾದರೂ ಹಿಟ್ಟಿನ ನೆನಪಾಗುತ್ತಿರಲಿಲ್ಲ.

ಚಿಪ್ಪಿನಾಕಾರದ ಅಚ್ಚಿನಿಂದ ಬಿಸಿಬಿಸಿಯಾಗಿ ಎಬ್ಬಿಸಿದ್ದನ್ನು ಅವನು ಕಣ್ಣು ಮುಚ್ಚಿ ಮೂಸುವಾಗ ಅವಳು ಮನಸಾರೆ ನೋಡುತ್ತಿದ್ದಳು. ಎಡಗಣ್ಣಿನ ರೆಪ್ಪೆಯಲ್ಲಿ ಒಂದೇ ಒಂದು ಬಿಳಿ ಕೂದಲು.

"ನನ್ನನ್ನೇ ನೋಡ್ತಿದ್ದೀರಾ?" ಕಣ್ಣು ಮುಚ್ಚಿಕೊಂಡೇ ಕೇಳಿದ ಒಮ್ಮೆ.

"ಕನ್ನಡಕದ ನಂಬರ್ ಎಷ್ಟಿರಬಹುದು ಅಂತ."

ಮೊದಲು ಬೆಣ್ಣೆ, ಎರಡು ವಾರದ ಮೇಲೆ ವೆನಿಲ್ಲಾ ಮರಳಿತು. ಹಿಟ್ಟಿಗೆ ಹಾಕುವ ನಿಂಬೆಸಿಪ್ಪೆಯ ತುರಿಯ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. "ಇಲ್ಲ," ಎಂದು ಪ್ರತಿ ವಾರ ತಲೆಯಾಡಿಸುವನು. ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಎಂಟನೇ ಭಾನುವಾರ ಮನೆಯಲ್ಲಿ ನಿಂಬೆಹಣ್ಣು ಮುಗಿದಿತ್ತು. ಹೇಗೂ ಅವನಿಗೆ ತಿಳಿಯದೆಂದು ಹಾಗೇ ಬೇಯಿಸಿದಳು. ಅವನು ಒಂದು ತುಂಡು ಕಚ್ಚಿ, "ಇವತ್ತು ನಿಂಬೆ ಹಾಕಿಲ್ವಾ?" ಎಂದ.

ಎಂದವನೇ ನಾಲಿಗೆ ಕಚ್ಚಿಕೊಂಡ.

"ಯಾವಾಗಿಂದ?" ಅವಳ ದನಿ ತಣ್ಣಗಿತ್ತು.

"ಮೂರು ವಾರ ಆಯ್ತು. ಟೀ ರುಚಿ ನೋಡೋ ನನ್ನ ಟೇಬಲ್ಲೂ ವಾಪಸ್ ಸಿಕ್ತು."

"ಅಂಗಡಿಗೆ ಬಂದ ಡಾಕ್ಟರ್‌ಗಳನ್ನೆಲ್ಲ ಹಿಡಿದು ನಿಮ್ಮ ಮೂಗಿನ ಬಗ್ಗೆ ಕೇಳಿದ್ದೀನಿ ನಾನು! ಅವ್ರೆಲ್ಲ ನನ್ನ ಹುಚ್ಚಿ ಅಂದ್ಕೊಂಡ್ರು!"

ಅವನು ಪಿಂಗಾಣಿ ತಟ್ಟೆಯ ಅಂಚು ಸವರುತ್ತ ಕುಳಿತ. "ತಪ್ಪಾಯ್ತು. ಮೂಗು ಸರಿಹೋಯ್ತು ಅಂತ ಹೇಳಿದ್ರೆ, ಇಲ್ಲಿಗೆ ಬರೋಕೆ ನಂಗೆ ಇನ್ನೇನು ನೆಪ ಉಳಿಯುತ್ತೆ? ನಂಗೆ ಬೇಕಾಗಿದ್ದು ಮ್ಯಾಡ್ಲೀನ್ ಅಲ್ಲ. ನೀವು."

ಓವನ್ ಆರುತ್ತ ಟಿಕ್ಕೆನ್ನುತ್ತಿತ್ತು. ಅವಳ ಕಿವಿಯವರೆಗೂ ಕೆಂಪೇರಿತು, ಆದರೆ ತುಟಿ ಬಿಗಿದೇ ಇತ್ತು.

"ಅವ್ರ ಮೂಗು ಸರಿಹೋಗಿದ್ರೆ ನಿನ್ನ ಮುಖ ಯಾಕೆ ಊದ್ಕೊಂಡಿದೆ?" ಸೋಫಾದಿಂದ ಚಿಕ್ಕಮ್ಮ.

ಅವನು ಎದ್ದು ಬಾಗಿಲಿಗೆ ನಡೆದ. ಚಪ್ಪಲಿ ಮೆಟ್ಟುವಾಗ ಎಡ ಬಲ ಅದಲುಬದಲಾಯಿತು.

"ಮುಂದಿನ ಭಾನುವಾರ ಬರ್ಬೇಡಿ," ಎಂದಳು ಅವಳು.

ಅವನ ಮುಖ ಇಳಿಯಿತು.

"ಅಷ್ಟು ದಿನ ಯಾರು ಕಾಯ್ತಾರೆ? ನಾಳೆ ಸಂಜೆ ಬಾ. ಯಾವ ನೆಪಾನೂ ಬೇಡ."

ಅವನು ನಿಂತಲ್ಲೇ ನಿಂತ. "ಏನಂದ್ರಿ?"

"ಮೂಗು ಬಂದು ಕಿವಿ ಹೋಯ್ತಾ? ಬಾ ಅಂದೆ."

ಅವನು ಅದಲುಬದಲಾದ ಚಪ್ಪಲಿಗಳನ್ನು ಅಲ್ಲೇ ಕಳಚಿ, ಮತ್ತೆ ಒಳಗೆ ಕಾಲಿಟ್ಟ.

"ನಾಳೆವರೆಗೂ ಯಾಕೆ?" ಎಂದ. "ಬಂದೆ ನೋಡು."