ನಗಬಾರದ ಎಂಟನೇ ಹಾಡು

"ಎಂಟನೇ ಹಾಡನ್ನ ಇವರು ನಮ್ಮನೇಲಿ ಕೂತು ಓದಿ ಹೇಳಿದಾಗಲೇ ನಾನು ಅತ್ತುಬಿಟ್ಟಿದ್ದೆ..."

ಮೈಕ್ ಹಿಡಿದ ಹಳದಿ ಸ್ವೆಟರಿನ ಹುಡುಗಿ ಇಷ್ಟು ಹೇಳಿ ವೇದಿಕೆಯತ್ತ ನೋಡಿದಳು. ಅಲ್ಲಿ ಕೂತಿದ್ದ ಡ್ರಮ್ಮರ್ ಮೆಲ್ಲಗೆ ತಲೆಯಾಡಿಸಿದ.

ಕೊನೆಯ ಸಾಲಿನಲ್ಲಿದ್ದ ಇನ್ನೊಬ್ಬಳ ಎದೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು.

ನಮ್ಮನೇಲಿ? ಓದಿ ಹೇಳಿದಾಗ?

ಅಂದರೆ... ಇವಳಿಗೆ ಮೊದಲು!

ಆ ಇನ್ನೊಬ್ಬಳು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರುಗಳು ಕಳಿಸುವ ಅಚ್ಚಿಗೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಬ್ಯಾಂಡಿನವರೆಲ್ಲ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಡ್ರಮ್ಮರ್ ಮಾತ್ರ ಏನೂ ಕರೆಯುತ್ತಿರಲಿಲ್ಲ. ಬಂದು ಅವಳ ಮೇಜಿನ ಪಕ್ಕ ಕೂರುತ್ತಿದ್ದ, ಅಷ್ಟೇ. ಮಾತೇ ಆಡದ ಅವನಿಗೆ ಗೆಳೆಯರು ಇಟ್ಟ ಹೆಸರು ಗುಡುಗು.

'ಒಂಟಿ ಕಾಲ್ಚೀಲ' ಬ್ಯಾಂಡಿನ ತಮಾಷೆ ಹಾಡುಗಳನ್ನೆಲ್ಲ ಬರೆಯುವವನು ಈ ಗುಡುಗೇ. ಬರೆದದ್ದನ್ನು ಮೊದಲು ಹಲ್ಲಕ್ಕನಿಗೆ ಓದುತ್ತಿದ್ದ. ಅವಳು ನಕ್ಕರೆ ಸಾಲು ಉಳಿಯುತ್ತಿತ್ತು. ನಗದಿದ್ದರೆ ಅಲ್ಲೇ ಹೊಡೆದು ಹಾಕುತ್ತಿದ್ದ. ಮೂರು ಆಲ್ಬಮ್ ಹೀಗೇ ಹುಟ್ಟಿದ್ದವು. ನಾಲ್ಕನೆಯದರಲ್ಲೂ ಏಳು ಹಾಡುಗಳು ಅವಳ ನಗು ದಾಟಿಯೇ ಹೋಗಿದ್ದವು. ಎಂಟನೆಯದನ್ನು ಮಾತ್ರ ಅವಳು ಊರವರೆಲ್ಲರಂತೆ ಮೊಬೈಲಿನಲ್ಲಿ ಕೇಳಿದಳು.

ಅದರಲ್ಲಿ ಒಂದೂ ಜೋಕಿರಲಿಲ್ಲ.

*ನೀನೆದ್ದು ಹೋದ ಮೇಲೂ ಕುರ್ಚಿ ಆ ಕಡೆಗೇ ತಿರುಗಿದೆ,*
*ಸರಿ ಮಾಡೋಕೆ ನನಗೆ ಮನಸ್ಸಿಲ್ಲ...*

ಯಾರು ಎದ್ದು ಹೋದವಳು? ಆ ಪ್ರಶ್ನೆ ವಾರವಿಡೀ ಅವಳ ನಿದ್ದೆ ತಿಂದಿತ್ತು. ಉತ್ತರ ಈಗ ಹಳದಿ ಸ್ವೆಟರ್ ಹಾಕಿಕೊಂಡು ಎದುರಿಗೇ ನಿಂತಿತ್ತು.

ಪ್ರತಿ ಆಲ್ಬಮ್ ಬಂದ ಮೇಲೂ ಬ್ಯಾಂಡಿನವರು ಈ ಟೈರ್ ಗೋದಾಮಿನಲ್ಲಿ ಅಭಿಮಾನಿಗಳ ಸಭೆ ಕರೆಯುತ್ತಿದ್ದರು. ಯಾರು ಬೇಕಾದರೂ ಮೈಕ್ ಹಿಡಿದು ಹೊಗಳಬಹುದು, ಉಗಿಯಬಹುದು. ಬ್ಯಾಂಡಿನ ನಾಲ್ವರೂ ಮಾತ್ರ ಬಾಯಿ ತುಂಬ ನೀರು ತುಂಬಿಕೊಂಡು ವೇದಿಕೆಯ ಮೇಲೆ ಕೂರಬೇಕು. ಮೊದಲ ಸಭೆಯಲ್ಲಿ ಗಾಯಕ ಎದುರುತ್ತರ ಕೊಟ್ಟು ಕೈ ಕೈ ಮಿಲಾಯಿಸುವವರೆಗೆ ಹೋಗಿತ್ತು. ಅಂದಿನಿಂದ ಬಂದ ಕಟ್ಟಳೆ ಇದು.

ಇಂದು ಹಳದಿ ಸ್ವೆಟರ್ ಮೈಕ್ ಹಿಡಿಯುವವರೆಗೆ ಸಭೆ ನಗುತ್ತಲೇ ಸಾಗಿತ್ತು.

"ಮೂರನೇ ಹಾಡು ಕೇಳಿ ನಗು ಬರಲಿಲ್ಲ ಸ್ವಾಮಿ, ಆಕಳಿಕೆ ಬಂತು!" ಎಂದಿದ್ದ ಕೊರಿಯರ್‌ನವನು.

"ಎರಡನೇ ಹಾಡಲ್ಲಿ 'ನೀನಿಲ್ದಿದ್ರೆ ನನ್ನ ತಾಳಾನೇ ಕುಂಟುತ್ತೆ' ಅಂತ ಇದೆಯಲ್ಲ, ಬಿದ್ದು ಬಿದ್ದು ನಕ್ಕೆ!" ಎಂದಿದ್ದರು ಕನ್ನಡಕದ ಅಂಗಡಿಯಮ್ಮ.

"ಎಂಟನೇ ಹಾಡಿಗೆ ಏನು ದಾಡಿ? ಜೋಕ್ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೆ. ಹಾಡೇ ಮುಗಿದುಹೋಯ್ತು!" ಎಂದು ಗೊಣಗಿದ್ದರು ಟ್ಯೂಷನ್ ಮೇಷ್ಟ್ರು.

ಆ ಮಾತಿಗೇ ಹಳದಿ ಸ್ವೆಟರ್ ಎದ್ದು ನಿಂತದ್ದು.

"ಹಾಗನ್ನಬೇಡಿ ಮೇಷ್ಟ್ರೇ. ನನಗೆ ಇದೊಂದೇ ಹಾಡು ಸಾಕು," ಎಂದು ಅವಳು ಮಾತು ಮುಗಿಸಿದಳು. ಗುಡುಗಿನ ಕಣ್ಣಲ್ಲಿ ಸಮಾಧಾನ ಮೂಡಿದ್ದು ಕೊನೆಯ ಸಾಲಿಗೂ ಕಂಡಿತು.

ಎಷ್ಟು ಚೆಂದ ಇದ್ದಾಳೆ... ಹಲ್ಲಿನ ಸಾಲು ಕೂಡ ನೆಟ್ಟಗಿದೆ, ಹಾಳಾದ್ದು!

ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋದರೆ ಮತ್ತೆ ಬರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ನಾಳೆಯಿಂದ ಅವನು ಬಂದು ಕೂತರೆ ಯಾವ ಮುಖ ಹೊತ್ತು ನಗುವುದು? ಕಾಲು ಮಾತ್ರ ಬಾಗಿಲ ಕಡೆ ಹೋಗಲಿಲ್ಲ. ಮೈಕಿನ ಕಡೆ ನಡೆಯಿತು.

"ನಂದೂ ಒಂದು ಅಭಿಪ್ರಾಯ ಇದೆ."

ಗುಡುಗು ಬೆಚ್ಚಿ ನೆಟ್ಟಗೆ ಕೂತ. ಇಷ್ಟು ಸಭೆಗಳಲ್ಲಿ ಅವಳು ಒಮ್ಮೆಯೂ ಬಾಯಿ ತೆರೆದವಳಲ್ಲ.

"ಎಂಟನೇ ಹಾಡು ಶುದ್ಧ ಸುಳ್ಳು. ಬರೆದವರಿಗೆ ಒಂದು ಮಾತನ್ನ ನೇರವಾಗಿ ಹೇಳೋಕೆ ಬರಲ್ಲ, ಕುರ್ಚಿ ತೋರಿಸಿ ಅಳಿಸ್ತಾರೆ." ಅವಳು ಹಳದಿ ಸ್ವೆಟರಿನತ್ತ ಕೈ ತೋರಿಸಿದಳು. "ವರ್ಷಗಟ್ಟಲೆ ಪಕ್ಕದಲ್ಲಿ ಕೂತವಳಿಗೆ ಬರೀ ಜೋಕು... ಮೊನ್ನೆ ಬಂದವಳಿಗೆ ಕಣ್ಣೀರು! ಭಲೇ ಹಂಚಿಕೆ!"

"ಅಯ್ಯೋ, ಇದು ಆಲ್ಬಮ್ ವಿಮರ್ಶೆ ಅಲ್ಲ ಕಣೋ, ಮನೆ ಜಗಳ!" ಎಂದಿತು ಯಾವುದೋ ಮೂಲೆ.

ಯಾರೂ ನಗಲಿಲ್ಲ.

ಗುಡುಗು ಎದ್ದು ನಿಂತ. ಎಲ್ಲರೂ ನೋಡುತ್ತಿದ್ದಂತೆ ಬಾಯಲ್ಲಿದ್ದ ನೀರನ್ನು ಗಟಗಟನೆ ನುಂಗಿಬಿಟ್ಟ.

"ನುಂಗ್ಬಿಟ್ಟ! ಕಟ್ಟಳೆ ಮುರಿದ!" ಮೇಷ್ಟ್ರು ಕೂಗಿದರು.

"ಸುಮ್ನಿರಿ ಮೇಷ್ಟ್ರೇ!" ಕನ್ನಡಕದಮ್ಮ ಗದರಿದರು.

"ಒಂದ್ಸಲ ನೇರವಾಗೇ ಹೇಳಿದ್ದೆ," ಎಂದ ಗುಡುಗು. ಅವನ ದನಿಯನ್ನು ಎಷ್ಟೋ ಜನ ಕೇಳಿದ್ದೇ ಅಂದು ಮೊದಲು. "ನೀನಿಲ್ದಿದ್ರೆ ನನ್ನ ತಾಳಾನೇ ಕುಂಟುತ್ತೆ ಅಂದೆ. ನೀನು ದವಡೆ ಹಲ್ಲು ಕೂರಿಸ್ತಾ ಇದ್ದೆ. ತಲೆ ಎತ್ತಿ ಜೋರಾಗಿ ನಕ್ಕೆ. 'ಇದು ಇಟ್ಕೋ, ಜನ ನಕ್ಕು ಬೀಳ್ತಾರೆ' ಅಂತ ಎದ್ದು ಹೋದೆ. ಎಂಟನೇ ಹಾಡಿನ ಕುರ್ಚಿ ಅದೇ."

ಅವಳ ಕೈಯಲ್ಲಿ ಮೈಕ್ ಭಾರವಾಯಿತು.

ಆ ಸಂಜೆ... ಅವನ ಕೈಯಲ್ಲಿ ಕಾಗದವೇ ಇರಲಿಲ್ಲವಲ್ಲ! ಓದುತ್ತಿಲ್ಲ, ನನಗೆ ಹೇಳುತ್ತಿದ್ದಾನೆ ಎಂದು ನನಗೇಕೆ ಹೊಳೆಯಲಿಲ್ಲ?

"ನೀನು ನಕ್ಕಿದ್ದು ಉಳೀಬೇಕು ತಾನೆ? ಹಾಡಿಗೆ ಹಾಕ್ದೆ. ಎಲ್ಲರೂ ನಕ್ಕರು." ಅವನು ವೇದಿಕೆಯ ಅಂಚಿಗೆ ಬಂದ. "ಎಂಟನೇದು ನಿನಗೆ ಓದೋಕೆ ಮೂರು ಸಲ ಬಂದೆ. ಬಾಗಿಲಲ್ಲೇ ಧೈರ್ಯ ಹೋಯ್ತು. ಇದಕ್ಕೂ ನಕ್ಕಿದ್ರೆ... ನಾನು ಇನ್ನೊಂದ್ಸಲ ಏಳ್ತಿರಲಿಲ್ಲ ಕಣೇ."

"ಮತ್ತೆ... ಇವಳಿಗೆ ಓದಿದ್ದು?"

"ನಮ್ಮ ಗಾಯಕನ ತಂಗಿ. ಹಾಸ್ಟೆಲಿಂದ ಈಗ ವಾಪಸ್ ಬಂದಿದ್ದಾಳೆ. ಏನು ಓದಿದ್ರೂ ನಗದೇ ಇರೋಳು ನನಗೆ ಗೊತ್ತಿರೋ ಪ್ರಪಂಚದಲ್ಲಿ ಇವಳೊಬ್ಬಳೇ."

ಗಾಯಕ ಉಬ್ಬಿದ ಕೆನ್ನೆಯಲ್ಲೇ ಹೌದೌದೆಂದು ತಲೆಯಾಡಿಸಿದ. ಹಳದಿ ಸ್ವೆಟರ್ ಗಂಭೀರವಾಗಿ ಹೇಳಿದಳು: "ನಿಜ ಅಕ್ಕಾ. ನನಗೆ ಇವರ ಬ್ಯಾಂಡ್ ಅರ್ಥಾನೇ ಆಗಲ್ಲ."

ಗೋದಾಮು ಘೊಳ್ಳೆಂದಿತು. ಉಳಿದ ಮೂವರ ಬಾಯಿಂದಲೂ ನೀರು ಕಾರಂಜಿಯಾಯಿತು.

ಆ ಗದ್ದಲದ ನಡುವೆ ಹಲ್ಲಕ್ಕ ಮಾತ್ರ ನಗಲಿಲ್ಲ. ಮೈಕ್ ಕೆಳಗಿಟ್ಟು ವೇದಿಕೆಯ ಹತ್ತಿರ ಬಂದಳು. ಅವನು ಅಂಚಿನಲ್ಲಿ ಮಂಡಿಯೂರಿ ಕೂತ. ಇಬ್ಬರ ಮುಖ ಸಮಕ್ಕೆ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ... ಅವನ ಎಂದಿನ ಮೌನ. ಅದರೊಳಗೆ ಇಷ್ಟು ವರ್ಷ ತಾನೇ ಕೂತಿದ್ದೆ ಎಂದು ಅವಳಿಗೆ ಈಗ ತಿಳಿಯಿತು.

"ಓದು," ಎಂದಳು.

"ಇಲ್ಲೇ?"

"ಮೆಲ್ಲಗೆ. ನನಗಷ್ಟೇ ಕೇಳೋ ಹಾಗೆ."

ಅವನು ಓದಿದ. ಎರಡನೇ ಸಾಲಿಗೇ ಅವಳ ಕಣ್ಣು ತುಂಬಿ ಬಂತು. ಅವನು ಅದನ್ನೇ ನೋಡುತ್ತ, ಮುಂದಿನ ಸಾಲು ಮರೆತ.

"ಹೇಗಿದೆ?"

"ಇನ್ಮೇಲೆ ಇದನ್ನ ಯಾರಿಗೂ ಕೇಳಿಸ್ಬೇಡ."

"ಊರೆಲ್ಲ ಆಗಲೇ ಕೇಳಿದೆ ಕಣೇ!"

"ಅದೇ ನನ್ನ ಹೊಟ್ಟೆಕಿಚ್ಚು," ಎಂದು ಅವಳು ಅವನ ಕೈ ಹಿಡಿದಳು. "ನಿನ್ನ ಅಭಿಮಾನಿಗಳನ್ನ ಕಂಡ್ರೇ ಆಗಲ್ಲ ಕಣೋ ನನಗೆ... ಒಬ್ಬರನ್ನೂ!"