ಕನಸಿನ ನೇರಳೆ ಗೆರೆ

ಮಧ್ಯಾಹ್ನ ಎರಡು ಗಂಟೆ ಹದಿನೆಂಟು ನಿಮಿಷಕ್ಕೆ ತನುಜಾ ಬಡಿಗೇರ ಕನಸು ಕಾಣತೊಡಗಿದಳು. ಪಕ್ಕದ ಕೋಣೆಯಲ್ಲಿ ಕುಳಿತಿದ್ದ ಡಾಕ್ಟರ್ ಇಂಚರಾ ಹೊಸಕೇರಿಗೆ ಅದು ತಕ್ಷಣ ಗೊತ್ತಾಯಿತು. ಗೋಡೆಯಗಲದ ಪರದೆಯ ಮೇಲೆ ಅಲ್ಲಿಯವರೆಗೆ ಅಲ್ಲಾಡದೆ ಬಿದ್ದಿದ್ದ ಆರು ಗೆರೆಗಳಲ್ಲಿ ಮೊದಲು ಹಸಿರು ಮಿಸುಕಿತು, ಆಮೇಲೆ ಹಳದಿ. ಗಾಜಿನಾಚೆ ಹಾಸಿಗೆಯ ಮೇಲೆ ತನುಜಾಳ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಓಡಾಡುತ್ತಿದ್ದವು. ತಲೆಗೆ ಉಣ್ಣೆಯ ಕುಲಾವಿಯಂತಹ ಮೆತ್ತನೆಯ ಟೋಪಿ.

ಆ ಟೋಪಿಯೇ ಭಾವಲೇಖಿ. ಇಂಚರಾ ಹತ್ತೊಂಬತ್ತು ವರ್ಷ ಹೆಣಗಿ ಕಟ್ಟಿದ ಯಂತ್ರ. ನಮ್ಮ ಮಿದುಳಿನ ಆಳದಲ್ಲಿ ಬಾದಾಮಿ ಬೀಜದಷ್ಟು ದೊಡ್ಡ ಎರಡು ಗಂಟುಗಳಿವೆ. ಹೆದರಿಕೆ, ಸಿಟ್ಟು, ಅಕ್ಕರೆಗಳೆಲ್ಲ ಹಾದುಹೋಗುವ ಮುಖ್ಯ ದಾರಿಗಳಲ್ಲಿ ಅವೂ ಸೇರಿವೆ. ಕನಸಿನ ಹೊತ್ತಿನಲ್ಲಿ ಅವು ಎಚ್ಚರದಲ್ಲಿ ಇರುವುದಕ್ಕಿಂತ ಹೆಚ್ಚು ಚುರುಕಾಗುತ್ತವೆ. ಆಗ ಅಲ್ಲಿ ಹುಟ್ಟುವ ಅಯಸ್ಕಾಂತದ ಸೆಳಕು ಭೂಮಿಯ ಅಯಸ್ಕಾಂತ ಬಲದ ಹತ್ತು ಕೋಟಿಯಲ್ಲಿ ಒಂದು ಪಾಲೂ ಇರುವುದಿಲ್ಲ. ಟೋಪಿಯ ಎಳೆಗಳು ಆ ಸೆಳಕನ್ನು ಹಿಡಿದು, ಭಯ, ದುಃಖ, ಸಿಟ್ಟು, ಪಾಪಪ್ರಜ್ಞೆ, ಅಕ್ಕರೆ, ಸಂತೋಷ ಎಂದು ಆರು ಬಣ್ಣದ ಗೆರೆಗಳಾಗಿ ಬಿಡಿಸುತ್ತಿದ್ದವು. ಕನಸಿನ ಚಿತ್ರ ಯಾವುದೂ ಅದರಲ್ಲಿ ಕಾಣುವುದಿಲ್ಲ. ಕಂಡವರು ಎದ್ದ ಮೇಲೆ ಬಾಯಿಬಿಟ್ಟು ಹೇಳಬೇಕು. ಆದರೆ ಕನಸಿನ ಯಾವ ಗಳಿಗೆಯಲ್ಲಿ ಏನು ಅನಿಸಿತು ಎಂಬುದನ್ನು ಮಾತ್ರ ಗೆರೆಗಳು ಮುಚ್ಚಿಡುತ್ತಿರಲಿಲ್ಲ.

ಎರಡು ಇಪ್ಪತ್ತನಾಲ್ಕಕ್ಕೆ ನೇರಳೆ ಗೆರೆ ಏಕಾಏಕಿ ಮೇಲೆದ್ದು ಪರದೆಯ ಅಂಚು ಮುಟ್ಟಿತು. ಕೆಂಪು ಗೆರೆ ಇದ್ದಲ್ಲೇ ಇತ್ತು. ಇಂಚರಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕೆಂಪು ಎಂದರೆ ಭಯ, ನೇರಳೆ ಎಂದರೆ ಪಾಪಪ್ರಜ್ಞೆ. ತನುಜಾ ಹೆದರಿದ್ದಾಳೆ ಎಂದು ಎರಡು ವರ್ಷಗಳಿಂದ ಎಲ್ಲರೂ ಹೇಳುತ್ತಿದ್ದರು. ತನುಜಾಳೂ ಅದನ್ನೇ ಹೇಳುತ್ತಿದ್ದಳು.

ಅದು 2061ನೇ ಇಸವಿ. ಬಯಲುಸೀಮೆಯ ರೈಲುಗಳು ಆಗಲೇ ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದವು. ಘಟ್ಟ ಇಳಿಯುವ ರೈಲುಗಳಿಗೆ ಮಾತ್ರ ಮನುಷ್ಯರ ಕಣ್ಣು, ಮನುಷ್ಯರ ಕೈ ಇನ್ನೂ ಬೇಕಿತ್ತು. ಹುಬ್ಬಳ್ಳಿಯ ತನುಜಾ ಅಂತಹ ರೈಲಿನ ಚಾಲಕಿ. ಎರಡು ವರ್ಷದ ಹಿಂದೆ ಕ್ಯಾಸಲ್‌ರಾಕ್ ದಾಟಿ ಇಳಿಯುವಾಗ ತಿರುವಿನಾಚೆ ಗುಡ್ಡ ಜರಿದು ಹಳಿಯ ಮೇಲೆ ಬಂಡೆ ಉರುಳಿತ್ತು. ಬಂಡೆಗೆ ಇಪ್ಪತ್ತು ಮೀಟರು ಇರುವಾಗ ತನುಜಾ ರೈಲು ನಿಲ್ಲಿಸಿದ್ದಳು. ಏಳುನೂರ ಹನ್ನೆರಡು ಜನ ಬದುಕಿದರು. ಊರಿನವರು ಮೆರವಣಿಗೆ ಮಾಡಿದರು, ಸರ್ಕಾರ ಪದಕ ಕೊಟ್ಟಿತು, ಶಾಲೆಯ ಪುಸ್ತಕದಲ್ಲಿ ಅವಳ ಬಗ್ಗೆ ಪಾಠ ಬಂತು. ತಿಂಗಳು ಕಳೆದು ಕೆಲಸಕ್ಕೆ ಹೋದ ದಿನ ಬ್ರೇಕಿನ ಹಿಡಿಕೆ ಮುಟ್ಟುತ್ತಲೇ ಅವಳ ಬಲಗೈ ಮರಗಟ್ಟಿತು. ಅಂದಿನಿಂದ ಅವಳು ರೈಲು ಓಡಿಸಿರಲಿಲ್ಲ. ಹೆದರಿಕೆ ಬಿಡಿಸಲು ಗುಳಿಗೆ, ವ್ಯಾಯಾಮ, ಸಮಾಧಾನದ ಮಾತು ಎಲ್ಲ ಆಗಿದ್ದವು. ಇನ್ನು ಐದು ವಾರಕ್ಕೆ ವೈದ್ಯರ ಮಂಡಳಿ ಕೂತು, ಈಕೆ ಚಾಲನೆಗೆ ಶಾಶ್ವತವಾಗಿ ಅನರ್ಹಳೆಂದು ಬರೆಯುವುದಿತ್ತು.

ತನುಜಾ ಎದ್ದು ಮುಖ ತೊಳೆದು ಬಂದಳು. ಇಂಚರಾ ಚಹಾ ಕೊಟ್ಟು ಕೇಳಿದಳು, "ಏನ್ ಕನಸು ಬಿತ್ತು?"

"ಅದ ಕನಸು ಅಕ್ಕಾರ. ತಿರುವು ಬಂತು. ಎದುರಿಗೆ ಬಂಡೆಗಲ್ಲು ಕಾಣಿಸ್ತು. ಒಂದು ಕ್ಷಣ ಎದಿ ಝಲ್ಲಂತು. ಆದ್ರೂ ಧೈರ್ಯ ತಗೊಂಡು ಬ್ರೇಕ್ ಹಾಕಿದೆ."

ಇಂಚರಾ ಬರೆದುಕೊಳ್ಳುತ್ತಿದ್ದವಳು ನಿಲ್ಲಿಸಿದಳು. ಹಿಂದಿನ ಹನ್ನೊಂದು ಕನಸುಗಳ ಹೇಳಿಕೆಗಳನ್ನು ತೆಗೆದು ನೋಡಿದಳು. ಒಂದಕ್ಷರ ಆಚೀಚೆಯಾಗದೆ ಅದೇ ಮಾತು. ಟಿವಿಯವರಿಗೆ ಕೊಟ್ಟ ಸಂದರ್ಶನದಲ್ಲಿಯೂ ಅದೇ. ಹೀಗೆ ಕಂಠಪಾಠವಾದ ಕನಸನ್ನು ಇಂಚರಾ ಇದುವರೆಗೆ ಕೇಳಿರಲಿಲ್ಲ. ಕನಸು ಹೇಳುವವರು ತಡವರಿಸುತ್ತಾರೆ, ಹಿಂದುಮುಂದು ಮಾಡುತ್ತಾರೆ, 'ಇಲ್ಲ, ಇಲ್ಲ, ಹಂಗಲ್ಲ' ಎನ್ನುತ್ತಾರೆ. ತನುಜಾ ಹೇಳುತ್ತಿದ್ದದ್ದು ಕನಸನ್ನಲ್ಲ, ಶಾಲೆಯ ಪುಸ್ತಕದ ಪಾಠವನ್ನು.

ಮರುದಿನ ಇಂಚರಾ ಗೆರೆಗಳನ್ನು ಮಂಡಳಿಯ ಅಧ್ಯಕ್ಷ ಡಾಕ್ಟರ್ ಜವಳಿಯವರಿಗೆ ತೋರಿಸಿದಳು. ಅವರು ಹಿರಿಯರು, ಒಳ್ಳೆಯವರು. ಆದರೆ ಯಂತ್ರವನ್ನು ನಂಬಲಿಲ್ಲ.

"ಕೈ ಮರಗಟ್ಟೂದು ಹೆದರಿಕೀಗೆ ಅಲ್ಲದ ಮತ್ಯಾತಕ್ಕ, ಇಂಚರಾ? ನಿಮ್ಮ ಟೋಪಿ ಬಣ್ಣ ಅದಲುಬದಲು ಮಾಡೇದ, ನೋಡ್ಕೋರಿ."

ಆ ಅನುಮಾನ ಇಂಚರಾಳಿಗೂ ಬಂದಿತ್ತು. ಯಂತ್ರ ತಪ್ಪಿದ್ದರೆ ಹತ್ತೊಂಬತ್ತು ವರ್ಷ ನೀರಿನಲ್ಲಿ ಹೋಮ. ಒಬ್ಬೊಬ್ಬರ ಮಿದುಳಿನ ಸೆಳಕು ಒಂದೊಂದು ತರ. ಹಾಗಾಗಿ ಪ್ರತಿಯೊಬ್ಬರನ್ನೂ ಮೊದಲು ಎಚ್ಚರದಲ್ಲಿ ಕೂರಿಸಿ, ತಮ್ಮ ಬಾಳಿನ ಸಂಗತಿಗಳನ್ನು ನೆನೆಸಿಕೊಳ್ಳಲು ಹೇಳಿ, ಯಂತ್ರಕ್ಕೆ ಅವರ ಪರಿಚಯ ಮಾಡಿಸಬೇಕಿತ್ತು. ತನುಜಾಳನ್ನು ಕೂರಿಸಿ ಆ ಕೆಲಸವನ್ನೆಲ್ಲ ಇಂಚರಾ ಮೊದಲಿನಿಂದ ಮತ್ತೆ ಮಾಡಿದಳು. ಆರು ದಿನ ಹಿಡಿಯಿತು. ಬಣ್ಣಗಳು ಸರಿಯಾಗಿಯೇ ಇದ್ದವು. ನೇರಳೆ ಎಂದರೆ ಪಾಪಪ್ರಜ್ಞೆಯೇ.

"ತನುಜಾ, ಒಂದು ಮಾತು ಕೇಳ್ತೀನಿ," ಎಂದಳು ಇಂಚರಾ. "ಕನಸಿನ ನಡುವ ನಿಮ್ಮನ್ನ ಎಬ್ಬಿಸಬೇಕಂತ ಮಾಡೀನಿ. ನಿಮಗ ಒಪ್ಪಿಗಿ ಇದ್ರಷ್ಟ. ಏನ್ ಹೊರಗ ಬರ್ತದ ನನಗ ಗೊತ್ತಿಲ್ಲ."

ತನುಜಾ ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡಳು. "ಎಬ್ಬಸ್ರಿ. ಇದಕ್ಕಿಂತ ಕೆಟ್ಟದ್ದೇನ್ ಬರ್ತದ?"

ಆ ಮಧ್ಯಾಹ್ನ ನೇರಳೆ ಗೆರೆ ಏಳುತ್ತಿದ್ದಂತೆ ಇಂಚರಾ ಒಳಗೆ ಹೋಗಿ ಅವಳ ಭುಜ ಮುಟ್ಟಿದಳು. ತನುಜಾ ಕಣ್ಣು ತೆರೆಯುವ ಮೊದಲೇ ಬಾಯಿ ತೆರೆದಳು.

"ತಂಗೀ, ಕಲ್ಲು!"

ಇಂಚರಾ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಮೆಲ್ಲಗೆ ಕೇಳಿದಳು, "ಯಾರು ನಿಮ್ಮನ್ನ ತಂಗಿ ಅಂತಾರ?"

ತನುಜಾ ಎದ್ದು ಕುಳಿತಳು. ಹೊದಿಕೆಯ ಮೇಲೆ ಬೆರಳಿನಿಂದ ಒಂದು ಡೊಂಕು ಗೆರೆ ಎಳೆದಳು. ಅದನ್ನೇ ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವವಳಂತೆ ಹೇಳತೊಡಗಿದಳು.

"ಅಲ್ಲಿ ಹಳಿ ಬಲಕ್ಕ ತಿರುಗ್ತದ. ಬಲಕ್ಕ ಕಣಿವಿ. ಕಣಿವಿ ಆಚಿ ಹಳಿ ಬಲಗಡಿ ಕಿಟಕಿಯಿಂದಷ್ಟ ಕಾಣ್ತದ. ನಾ ಕೂಡೂದು ಎಡಕ್ಕ." ಅವಳ ಬೆರಳು ಆ ಗೆರೆಯ ಎಡಕ್ಕೆ ನಿಂತಿತು. "ಅಕ್ಕಾರ, ನನ್ನ ಸೀಟಿನಿಂದ ಆ ಬಂಡೆಗಲ್ಲು ಕಾಣೂದ ಇಲ್ಲ. ಬಲಗಡಿ ಕೂತಿದ್ದವ ನದಾಫಣ್ಣ. ಅವ ನೋಡಿದ. ಅವ ಒದರಿದ. ನಾ ಬರೇ ಬ್ರೇಕ್ ಹಾಕಿದೆ."

ಇಮಾಮಸಾಬ ನದಾಫ್ ಆ ದಿನದ ಸಹಾಯಕ ಚಾಲಕ. ಹುದ್ದೆಯಲ್ಲಿ ತನುಜಾಳಿಗಿಂತ ಕೆಳಗೆ, ವಯಸ್ಸಿನಲ್ಲಿ ಹದಿನೈದು ವರ್ಷ ಮೇಲೆ. ರೈಲು ನಿಂತ ಕೂಡಲೇ ಜನ ಚಾಲಕಿಯನ್ನು ಎತ್ತಿಕೊಂಡು ಕುಣಿದಿದ್ದರು. ಮೊದಲ ವರದಿಗಾರ "ಬಂಡೆ ನೋಡಿದಾಗ ಏನನಿಸಿತು?" ಎಂದು ಕೇಳಿದ್ದ. ಇನ್ನೂ ಮೈನಡುಕದಲ್ಲಿದ್ದ ತನುಜಾ "ಎದೆ ಝಲ್ಲೆಂದಿತು" ಎಂದಿದ್ದಳು. ಅವಳು ಸುಳ್ಳು ಹೇಳಬೇಕೆಂದು ಹೇಳಿರಲಿಲ್ಲ. ಎರಡನೆಯವನಿಗೂ ಅದನ್ನೇ ಹೇಳಿದಳು. ನೂರನೆಯವನಿಗೆ ಹೇಳುವ ಹೊತ್ತಿಗೆ ಬಂಡೆಯನ್ನು ತಾನೇ ಕಂಡದ್ದು ಅವಳ ನೆನಪಾಗಿಯೇ ನೆಲೆಗೊಂಡಿತ್ತು. ಎಚ್ಚರದ ಮನಸ್ಸು ಕೈಬಿಟ್ಟದ್ದನ್ನು ಕನಸು ಮಾತ್ರ ಬಿಟ್ಟಿರಲಿಲ್ಲ.

ಮೂರನೆಯ ದಿನ ತನುಜಾ ಲೋಂಡಾಕ್ಕೆ ಹೋದಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಇಂಚರಾಳನ್ನೂ ಕರೆದಳು. ಪದಕದ ಸಮಾರಂಭವಾದ ವಾರದಲ್ಲೇ ನದಾಫ್ ಕೇಳಿಕೊಂಡು ಅಲ್ಲಿನ ಯಾರ್ಡಿಗೆ ವರ್ಗ ಮಾಡಿಸಿಕೊಂಡಿದ್ದ. ಅಲ್ಲಿ ರೈಲು ಡಬ್ಬಿಗಳನ್ನು ಜೋಡಿಸುವ ಕೆಲಸ. ಅವಳನ್ನು ಕಂಡು ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದ.

"ಅರೇ, ತಂಗೀ! ಆರಾಮಿದ್ದಿ?"

ತನುಜಾ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ ಮಾತು. "ಅಣ್ಣಾ, ಕಲ್ಲು ನೋಡಿದವ ನೀನು."

ನದಾಫ್ ಮುಖ ತಿರುಗಿಸಿ, ನಿಂತ ಡಬ್ಬಿಗಳ ಕಡೆ ನೋಡಿದ. "ಬ್ರೇಕ್ ಹಾಕಿದಾಕಿ ನೀನ ಅಲ್ಲ? ಅರ್ಧ ಕ್ಷಣ ತಡ ಮಾಡಿದ್ರ ನನ್ನ ಕಣ್ಣು ತಗೊಂಡು ಏನ್ ಮಾಡೂದಿತ್ತು? ನಿನ್ನ ಮೆರವಣಿಗ್ಯಾಗ ನಾನೂ ಚಪ್ಪಾಳಿ ಬಡದೇನಿ. ಖರೇನ ಬಡದೇನಿ." ದನಿ ತಗ್ಗಿಸಿ ಹೇಳಿದ, "ಪದಕ ಬ್ಯಾಡಾಗಿತ್ತವ್ವಾ. ನೀ ಒಂದು ಫೋನ್ ಮಾಡ್ತಿ ಅಂದ್ಕೊಂಡಿದ್ದೆ."

ತನುಜಾ ಅಲ್ಲೇ ಕಲ್ಲುಚಪ್ಪಡಿಯ ಮೇಲೆ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತಳು. ನದಾಫ್ ಏನು ಮಾಡಬೇಕೆಂದು ತಿಳಿಯದೆ ತನ್ನ ಊಟದ ಡಬ್ಬಿ ಬಿಚ್ಚಿ ರೊಟ್ಟಿ ಮುಂದಿಟ್ಟ. ಮೂವರೂ ಹಂಚಿಕೊಂಡು ತಿಂದರು. ಹತ್ತೊಂಬತ್ತು ವರ್ಷಗಳಲ್ಲಿ ತನ್ನ ಯಂತ್ರ ಇಂತಹದೊಂದು ಊಟಕ್ಕೆ ದಾರಿಯಾಗಬಹುದೆಂದು ಇಂಚರಾ ಎಣಿಸಿರಲಿಲ್ಲ.

ಮಂಡಳಿ ಸೇರಿದ ಬೆಳಗ್ಗೆ ತನುಜಾ ಪದಕವನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ನಡೆದಂತೆ ಹೇಳಿದಳು. ಇದರ ಮೇಲೆ ಇಬ್ಬರ ಹೆಸರು ಇರಬೇಕೆಂದಳು. ಪಾಠವನ್ನೂ ತಿದ್ದಬೇಕೆಂದಳು. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಡಾಕ್ಟರ್ ಜವಳಿ ಮಾತ್ರ ಎದ್ದು ಅವಳನ್ನು ತಾಲೀಮಿನ ಎಂಜಿನ್ ಕೋಣೆಗೆ ಕರೆದೊಯ್ದರು. ಕಿಟಕಿಗಳಾಚೆ ಘಟ್ಟದ ದೃಶ್ಯ ಓಡಿತು, ಬಲಕ್ಕೆ ತಿರುವು ಬಂತು. ತನುಜಾ ಹಿಡಿಕೆಗೆ ಕೈಯಿಟ್ಟಳು. ಬೆರಳುಗಳು ಹಿಡಿಕೆಯ ಸುತ್ತ ಸಲೀಸಾಗಿ ಬಾಗಿದವು. ಅವಳು ಬ್ರೇಕ್ ಎಳೆದಳು. ಕೋಣೆ ಗಡಗಡ ಅಲುಗಿ ನಿಂತಿತು.

"ಇನ್ನೊಮ್ಮೆ," ಎಂದರು ಜವಳಿ.

ಅವಳು ಒಂಬತ್ತು ಸಲ ಮಾಡಿ ತೋರಿಸಿದಳು. ಜವಳಿ ಹೊರಗೆ ಬಂದು ಇಂಚರಾಳ ಎದುರು ಕೈಮುಗಿದರು. "ಸೋತೆನವ್ವಾ. ನಿಮ್ಮ ಟೋಪಿ ಗೆದ್ದಿತು."

ನವೆಂಬರಿನ ಒಂದು ಹೊಳೆಯುವ ಬೆಳಗ್ಗೆ ತನುಜಾ ಮತ್ತೆ ಘಟ್ಟ ಇಳಿದಳು. ಬಲಗಡೆಯ ಸೀಟಿನಲ್ಲಿ ಇಮಾಮಸಾಬ ನದಾಫ್. ಮೊದಲನೆಯ ಡಬ್ಬಿಯಲ್ಲಿ ಕುಳಿತಿದ್ದ ಇಂಚರಾಳಿಗೆ ಆ ತಿರುವಿನಲ್ಲಿ ಎಂಜಿನ್ನಿನ ಸೀಟಿ ಕೇಳಿಸಿತು. ಅಷ್ಟುದ್ದ ಸೀಟಿ ಹಾಕುವ ಜರೂರೇನೂ ಅಲ್ಲಿರಲಿಲ್ಲ. ಡಬ್ಬಿಯ ಜನ ಯಾಕೆಂದು ತಿಳಿಯದೆ ನಕ್ಕರು. ಇಂಚರಾಳ ಕಣ್ಣು ತುಂಬಿ ಬಂತು.

ಸುದ್ದಿ ಹಬ್ಬಿತು. ಭಾವಲೇಖಿ ಊರೂರಿಗೆ ಹೋಯಿತು. ದಿನವೂ ಕೆಲಸಕ್ಕೆ ಮೊದಲು ಎಲ್ಲ ಚಾಲಕರ ಕನಸು ಅಳೆದು, ಗೆರೆ ಏರಿದವರನ್ನು ಮನೆಗೆ ಕಳಿಸೋಣ ಎಂದೊಬ್ಬ ಅಧಿಕಾರಿ ಹೊರಟರು. ಇಂಚರಾ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಗೆರಿ ನೋಡೂ ಹಕ್ಕು ಕನಸು ಕಂಡವರದ್ದು. ಅವರು ತೋರಿಸಿದ್ರ ನೀವು ನೋಡ್ರಿ," ಎಂದಳು. ಮೂರು ವರ್ಷ ಓಡಾಡಿ, ಅದನ್ನೇ ಕಾನೂನು ಮಾಡಿಸಿದಳು. ಜೊತೆಗೆ ನಿಂತವರು ಡಾಕ್ಟರ್ ಜವಳಿ.

ಹತ್ತು ವರ್ಷ ಕಳೆದ ಮೇಲೆ ಇಂಚರಾಳ ಶಿಷ್ಯೆ ಸ್ಫೂರ್ತಿ ಗಾಬರಿಯಿಂದ ಬಂದಳು. "ಮೇಡಂ, ನಮ್ಮ ಭಾವಲೇಖಿ ಕೇಂದ್ರಗಳು ಖಾಲಿ ಹೊಡೀಲಿಕ್ಕತ್ತಾವ. ಜನ ಐದಾರು ಸಲ ಬರ್ತಾರ, ಆಮ್ಯಾಲ ಬರೂದ ಇಲ್ಲ. ಯಂತ್ರದಾಗ ಏನರ ಕೆಟ್ಟಿರಬೇಕು."

ಇಬ್ಬರೂ ಕೂಡಿ ಗದುಗಿನ ನಲವತ್ತು ಮನೆಗಳಿಗೆ ಹೋಗಿ ವಿಚಾರಿಸಿದರು. ಯಂತ್ರ ಕೆಟ್ಟಿರಲಿಲ್ಲ; ಐದಾರು ಸಲ ಗೆರೆ ನೋಡಿದವರು ಮನೆಯಲ್ಲೇ ಒಬ್ಬರನ್ನೊಬ್ಬರು ಕೇಳಲು ಕಲಿತಿದ್ದರು. ಒಂದು ಮನೆಯಲ್ಲಿ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರು. ಎಂಟು ವರ್ಷದ ಮಗಳು ತಾನು ಕನಸಿನಲ್ಲಿ ಬಾವಿಗೆ ಬಿದ್ದೆನೆಂದಳು. ತಂದೆ ಅದರ ಫಲ ಕೆಟ್ಟದ್ದೋ ಒಳ್ಳೆಯದೋ ಎಂದು ಪಂಚಾಂಗ ತೆಗೆಯಲಿಲ್ಲ, ಬರೀ ಕನಸು ಬಿಡು ಎಂದೂ ಅನ್ನಲಿಲ್ಲ. "ಬಿದ್ದಾಗ ಹೆಂಗ ಅನಿಸ್ತು, ಪುಟ್ಟಾ?" ಎಂದ. ಹುಡುಗಿ ಚಮಚ ಹಿಡಿದುಕೊಂಡೇ ಯೋಚಿಸಿದಳು. "ಹೆದರಿಕಿ ಆಗ್ಲಿಲ್ಲಪಾ. ಸಿಟ್ಟು ಬಂತು. ನೀವ್ಯಾರೂ ಹುಡುಕ್ಲಿಕ್ಕ ಬರ್ಲೇ ಇಲ್ಲ." ತಂದೆ ತಿನ್ನುವುದನ್ನು ನಿಲ್ಲಿಸಿ, ಅವಳನ್ನು ಹತ್ತಿರಕ್ಕೆ ಎಳೆದುಕೊಂಡ.

ಬೀದಿಗೆ ಬಂದ ಮೇಲೆ ಇಂಚರಾ ಗಟ್ಟಿಯಾಗಿ ನಕ್ಕುಬಿಟ್ಟಳು. ತನ್ನ ಯಂತ್ರ ಬೇಡವಾದುದಕ್ಕೆ ಹೀಗೆ ಸಂಭ್ರಮಿಸುವವರನ್ನು ಸ್ಫೂರ್ತಿ ಕಂಡಿರಲಿಲ್ಲ.

ಆ ತಂದೆ ಕೇಳಿದ ಪ್ರಶ್ನೆಗೆ ಅಯಸ್ಕಾಂತ ಬೇಡ, ಪರದೆ ಬೇಡ, ಆರು ಬಣ್ಣವೂ ಬೇಡ. ಭಾವಲೇಖಿ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಇಂಚರಾ ಇನ್ನೂ ಶಾಲೆಗೆ ಹೋಗುತ್ತಿದ್ದ 2020ರ ದಶಕದಲ್ಲಿಯೂ, ಪ್ರತಿ ಮನೆಯಲ್ಲಿ ಪ್ರತಿ ಬೆಳಗ್ಗೆ ಯಾರಾದರೊಬ್ಬರು ಕನಸು ಕಂಡು ಏಳುತ್ತಿದ್ದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಹೇಗನಿಸಿತು ಎಂದು ಕೇಳುವುದಕ್ಕೆ ಅದು ಕುದಿಯುವಷ್ಟು ಹೊತ್ತು ಸಾಕಾಗಿತ್ತು.